ಟೆಸ್ಟ್ ನೆಗೆಟಿವ್ ಬಂತು, ಹಾಗಾದ್ರೆ ಹುಡುಗ ಏನೂ ತಗೊಂಡಿಲ್ವಾ?

ಪ್ರಶ್ನೆ: ಸಾರ್, ನಾನು ಹನುಮಂತನಗರದೋನು. ನಮ್ಮಕ್ಕನ ಮಗ ಇಂಜಿನಿಯರಿಂಗ್ ಮೂರನೇ ವರ್ಷ, ಪಿಜಿಲಿದ್ದ. ಹೋದ ವಾರ ರಾತ್ರಿ ಅವನ ರೂಮ್‌ಮೇಟ್ ಫೋನ್ ಮಾಡಿ ಆಸ್ಪತ್ರೆಗೆ ಸೇರಿಸಿದೀವಿ ಬನ್ನಿ ಅಂದ. ಹೋಗಿ ನೋಡಿದ್ರೆ ಕಣ್ಣು ಬಿಟ್ಕೊಂಡಿದಾನೆ, ಕರೆದ್ರೆ ಓಗೊಡ್ತಿಲ್ಲ, ಮೈಯೆಲ್ಲಾ ಬೆವರು, ಎದೆ ಡವಡವ. ಯೂರಿನ್ ಡ್ರಗ್ ಟೆಸ್ಟ್ ಮಾಡಿದ್ರು, ಎಲ್ಲಾ ನೆಗೆಟಿವ್. ಡಾಕ್ಟ್ರು ಮಾತ್ರ ಏನೋ ಹೊಸ ಸಿಂಥೆಟಿಕ್ ಇರಬೇಕು ಅಂತಾರೆ. ಈಗ ಮನೇಗೆ ಬಂದಿದಾನೆ, ಬಾಯಿ ಬಿಡ್ತಿಲ್ಲ. ಅಕ್ಕ ಟೆಸ್ಟಲ್ಲೇ ಇಲ್ಲ ಅಂದ್ಮೇಲೆ ನನ್ನ ಮಗನ ಮೇಲೆ ಯಾಕೆ ಹಾಕ್ತೀರ ಅಂತ ಅಳ್ತಾಳೆ. ಯಾರ ಮಾತು ನಂಬೋದು? ಹೆಸರೇ ಗೊತ್ತಿಲ್ದಿರೋ ಡ್ರಗ್ಗನ್ನ ಲ್ಯಾಬಲ್ಲಿ ಹೆಂಗೆ ಹಿಡೀತಾರೆ? ಅವನ ಪ್ಯಾಂಟ್ ಜೇಬಲ್ಲಿ ಒಂದು ಚಿಕ್ಕ ಕವರ್ ಸಿಕ್ಕಿದೆ, ಅದನ್ನ ಎಲ್ಲಿ ಕೊಡೋದು?

ಉತ್ತರ: ನೋಡಿ ಸಾರ್, ನಿಮ್ಮಕ್ಕ ಹೇಳೋದ್ರಲ್ಲಿ ತಪ್ಪಿಲ್ಲ, ಡಾಕ್ಟ್ರು ಹೇಳೋದ್ರಲ್ಲೂ ತಪ್ಪಿಲ್ಲ. ಇಬ್ಬರ ಮಧ್ಯೆ ಸಿಕ್ಕಾಕೊಂಡಿರೋದು ಆ ನೆಗೆಟಿವ್ ಅನ್ನೋ ಪದ. ಆ ಕಿಟ್ ಹೇಳಿದ್ದು "ಏನೂ ಇಲ್ಲ" ಅಂತ ಅಲ್ಲ, "ನನ್ನ ಪಟ್ಟೀಲಿರೋ ಐದೋ ಹತ್ತೋ ಐಟಂ ಇಲ್ಲ" ಅಂತ ಅಷ್ಟೇ. ಪಟ್ಟೀಲಿಲ್ಲದ್ದನ್ನ ಅದು ಹುಡುಕೋದೂ ಇಲ್ಲ, ಹುಡುಕಲಿಲ್ಲ ಅಂತ ನಿಮಗೆ ಹೇಳೋದೂ ಇಲ್ಲ. ಇಪ್ಪತ್ತು ವರ್ಷ ಡ್ರಗ್ ಪತ್ತೆ ಮಾಡೋ ಲ್ಯಾಬ್ ಮೆಷಿನ್‌ಗಳ ಮುಂದೆ ಕೂತಿದೀನಿ, ಒಂದೇ ಒಂದು ಪದವನ್ನ ಮನೆಯವರು ತಪ್ಪಾಗಿ ಓದ್ಕೊಂಡು ಹುಡುಗರನ್ನ ಸುಮ್ನೆ ಬಿಟ್ಟಿರೋದು, ಇಲ್ಲಾ ಸುಮ್ಸುಮ್ನೆ ಹೊಡೆದಿರೋದು ಎರಡೂ ನೋಡಿದೀನಿ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ, ಬೇಜಾರ್ ಮಾಡ್ಕೋಬೇಡಿ.

ಆಸ್ಪತ್ರೆ ಕಿಟ್ ಪ್ರೆಗ್ನೆನ್ಸಿ ಟೆಸ್ಟ್ ಸ್ಟ್ರಿಪ್ ಥರಾನೇ ಇರತ್ತೆ. ಅದರೊಳಗೆ ಆಂಟಿಬಾಡಿ ಇರತ್ತೆ, ಒಂದೊಂದು ಆಂಟಿಬಾಡಿಗೂ ಒಂದು ಆಕಾರ ಗೊತ್ತು, ಬೀಗಕ್ಕೆ ಕೀ ಇದ್ದ ಹಾಗೆ. ಗಾಂಜಾ ಸೇದಿದ್ರೆ ದೇಹ ಅದರಲ್ಲಿರೋ ನಶೆ ತರೋ ಟಿಎಚ್‌ಸಿಯನ್ನ ಒಂದು ಆಸಿಡ್ ಮಾಡಿ ಮೂತ್ರಕ್ಕೆ ಬಿಡತ್ತೆ, ಕಿಟ್‌ನ ಗಾಂಜಾ ಗೆರೆ ಹಿಡಿಯೋದು ಆ ಆಸಿಡ್‌ನ. ಸಿಂಥೆಟಿಕ್ ಕ್ಯಾನಬಿನಾಯ್ಡ್ ಅನ್ನೋದು ಮೆದುಳಲ್ಲಿ ಅದೇ ಜಾಗಕ್ಕೆ ಹೋಗಿ ಕೂರತ್ತೆ, ಎಷ್ಟೋ ಸಲ ಗಾಂಜಾಕ್ಕಿಂತ ತುಂಬಾ ಜೋರಾಗಿ, ಆದ್ರೆ ಅದರ ಕೆಮಿಕಲ್ ಆಕಾರ ಬೇರೇನೇ. ಕೀ ಹೊಂದಲ್ಲ. ಗೆರೆ ನೆಗೆಟಿವ್ ತೋರಿಸತ್ತೆ.

ಉಲ್ಟಾನೂ ಆಗತ್ತೆ. ಹಬ್ಬದ ದಿನ ಎರಡು ಲೋಟ ಗಸಗಸೆ ಪಾಯಸ ಕುಡಿದೋರ ಮೂತ್ರದಲ್ಲಿ ಮಾರ್ಫಿನ್ ಕಾಣಿಸ್ಕೋಬಹುದು, ಯಾಕಂದ್ರೆ ಗಸಗಸೆ ಅಫೀಮು ಗಿಡದ್ದೇ ಬೀಜ. ನೆಗಡಿ ಮಾತ್ರೇಲಿರೋ ಸ್ಯೂಡೋಎಫೆಡ್ರಿನ್‌ಗೆ ಆಂಫೆಟಮಿನ್ ಗೆರೆ ಮೋಸ ಹೋಗೋದುಂಟು. ಹಾಗಾಗಿ ಕಿಟ್ ಪಾಸಿಟಿವ್ ಬಂದ್ರೂ ಅದು ಕೊನೇ ಮಾತಲ್ಲ, ಅದಕ್ಕಿಂತ ಮೇಲಿನ ಮಟ್ಟದ ಟೆಸ್ಟ್‌ನಿಂದ ಗಟ್ಟಿ ಮಾಡ್ಕೋಬೇಕು.

ಇನ್ನೊಂದು ಮಾತು ನಿಮ್ಮಕ್ಕನ ಪರವಾಗಿ. ಟೆಸ್ಟ್ ನೆಗೆಟಿವ್ ಬಂದ್ರೆ ಹುಡುಗ ತಗೊಂಡಿಲ್ಲ ಅಂತ ಹೇಗೆ ಹೇಳಕ್ಕಾಗಲ್ವೋ ತಗೊಂಡಿದಾನೆ ಅಂತಾನೂ ಹಾಗೇ ಹೇಳಕ್ಕಾಗಲ್ಲ. ಸಕ್ಕರೆ ಕುಸಿದ್ರೂ, ಫಿಟ್ಸ್ ಬಂದು ಹೋದ್ಮೇಲೂ, ಮೆದುಳಿಗೆ ಇನ್ಫೆಕ್ಷನ್ ಆದ್ರೂ ಹುಡುಗರು ಹೀಗೇ ದಿಟ್ಟಿಸ್ಕೊಂಡು ಕೂರ್ತಾರೆ. ಇವನ್ನೆಲ್ಲಾ ನೋಡಿದ್ರಾ ಅಂತ ಡಾಕ್ಟ್ರನ್ನ ಕೇಳಿ, ಕೇಳೋದು ನಿಮ್ಮ ಹಕ್ಕು.

ಈಗ ಹೆಸರಿಲ್ಲದ್ದನ್ನ ಹಿಡಿಯೋ ವಿಷಯಕ್ಕೆ ಬರೋಣ. ಅಮೆರಿಕದ ಕ್ಲೆಮ್ಸನ್ ಯೂನಿವರ್ಸಿಟೀಲಿ ಜಾನ್ ಡಬ್ಲ್ಯೂ ಹಫ್‌ಮನ್ ಅಂತ ಕೆಮಿಸ್ಟ್ ಒಬ್ರು ಮೆದುಳಿನ ಆ ಗಾಂಜಾ ರಿಸೆಪ್ಟರ್, ಅಂದ್ರೆ ಗಾಂಜಾ ಹೋಗಿ ಕೂರೋ ಜಾಗ, ಹೇಗೆ ಕೆಲಸ ಮಾಡತ್ತೆ ಅಂತ ತಿಳ್ಕೊಳ್ಳೋಕೆ ನೂರಾರು ಕಾಂಪೌಂಡ್ ಮಾಡಿದ್ರು, ಪೂರ್ತಿ ವಿಜ್ಞಾನಕ್ಕೋಸ್ಕರ, ಅದರಲ್ಲಿ ಒಂದು ಜೆಡಬ್ಲ್ಯೂಎಚ್-018, ಅವರ ಹೆಸರಿನ ಅಕ್ಷರಗಳೇ. 2008ರ ಕೊನೇಲಿ ಯುರೋಪಲ್ಲಿ ಸ್ಪೈಸ್ ಅನ್ನೋ ಹೆಸರಲ್ಲಿ ಮಾರ್ತಿದ್ದ ಗಿಡಮೂಲಿಕೆ ಪ್ಯಾಕೆಟ್ ಒಳಗೆ ಅದೇ ಕಾಂಪೌಂಡ್ ಸಿಕ್ತು. ಒಣ ಎಲೆ ಮೇಲೆ ಕೆಮಿಕಲ್ ಸಿಂಪಡಿಸಿದ್ರು. ಸರ್ಕಾರಗಳು ಅದನ್ನ ಬ್ಯಾನ್ ಮಾಡಿದ್ವು, ಮಾಡೋರು ಬಾಲದಲ್ಲಿ ಒಂದು ಪರಮಾಣು ಬದಲಾಯಿಸಿ ಇನ್ನೊಂದು ತಂದ್ರು, ಅದನ್ನೂ ಬ್ಯಾನ್ ಮಾಡಿದ್ರೆ ಮತ್ತೊಂದು. ವಿಶ್ವಸಂಸ್ಥೆಯ ಡ್ರಗ್ ವಿಭಾಗದ ಲೆಕ್ಕದಲ್ಲಿ ಎಲ್ಲಾ ಜಾತಿ ಸೇರಿ ಇಂಥ ಹೊಸ ಡ್ರಗ್‌ಗಳು ಇವತ್ತಿಗೆ 1,200ಕ್ಕೂ ಮೇಲೆ. ಯಾವ ಕಿಟ್ ಕಂಪನಿ ಇಷ್ಟಕ್ಕೆಲ್ಲಾ ಆಂಟಿಬಾಡಿ ಮಾಡಕ್ಕಾಗತ್ತೆ ಹೇಳಿ?

ಲ್ಯಾಬಲ್ಲಿ ಕೆಲಸ ಹೇಗೆ ಶುರುವಾಗತ್ತೆ ಅನ್ನೋದನ್ನ ಒಂದು ಕೇಸ್ ಇಟ್ಕೊಂಡೇ ಹೇಳ್ತೀನಿ. ಮೆಫೆಡ್ರೋನ್ ಅನ್ನೋ ಸಿಂಥೆಟಿಕ್ ಡ್ರಗ್ಗು ನಮ್ಮ ದೇಶದ ಡ್ರಗ್ ಕಾನೂನಾದ ಎನ್‌ಡಿಪಿಎಸ್ ಪಟ್ಟಿಗೆ ಸೇರಿದ್ದು 2015ರ ಫೆಬ್ರವರೀಲಿ. ಅದಕ್ಕೂ ಮುಂಚೆ ಒಂದು ದಿನ ನನ್ನ ಟೇಬಲ್ ಮೇಲೆ ಜಿಪ್ ಕವರ್ ಬಂತು, ಎಂಡಿಎಂಎ, ಅಂದ್ರೆ ಎಕ್ಸ್‌ಟಸಿ ಅಂತಾರಲ್ಲ ಅದು, ಅಂತ ಚೀಟಿ ಅಂಟಿಸಿದ್ರು. ಒಳಗಡೆ ಅಡುಗೆ ಸೋಡಾ ಥರ ಬಿಳಿ ಪುಡಿ, ಸ್ವಲ್ಪ ಹರಳು ಹರಳಾಗಿತ್ತು, ಕವರ್ ಬಿಚ್ಚಿದ ತಕ್ಷಣ ಸಣ್ಣಗೆ ಮೀನಿನ ವಾಸನೆ. ಪಿಂಗಾಣಿ ತಟ್ಟೆಯ ಗುಳಿಗೆ ಸಾಸಿವೆ ಕಾಳಿನಷ್ಟು ಹಾಕಿ ಮಾರ್ಕ್ವಿಸ್ ರಿಏಜೆಂಟ್ ಅನ್ನೋ ಬಣ್ಣದ ಟೆಸ್ಟಿನ ದ್ರವ ಒಂದು ತೊಟ್ಟು ಬಿಟ್ಟೆ. ಎಂಡಿಎಂಎ ಆಗಿದ್ರೆ ಕಣ್ಣೆದುರಿಗೇ ನೇರಳೆ ಬಂದು ಕಪ್ಪಿಗೆ ತಿರುಗತ್ತೆ, ನೇರಳೆ ಹಣ್ಣು ತಿಂದ ನಾಲಿಗೆ ಇರತ್ತಲ್ಲ ಹಾಗೆ. ಇದು ಹಾಗೇ ಕೂತಿತ್ತು, ಏನೂ ಇಲ್ಲ. ಚೀಟಿ ಸುಳ್ಳು ಅಂತ ಅಲ್ಲಿಗೆ ಗೊತ್ತಾಯ್ತು, ಆದ್ರೆ ಏನು ಅಲ್ಲ ಅಂತ ಗೊತ್ತಾಯ್ತೇ ಹೊರತು ಏನು ಅಂತ ಗೊತ್ತಾಗಲಿಲ್ಲ.

ಆಮೇಲೆ ಜಿಸಿ-ಎಂಎಸ್. ಈ ಮೆಷಿನ್ ಸ್ಯಾಂಪಲ್‌ನ ಕಾಯಿಸಿ ಆವಿ ಮಾಡಿ, ಕೂದಲಿನಷ್ಟು ಸಣ್ಣ ತೂತಿರೋ ಉದ್ದದ ಕೊಳವೇಲಿ ಓಡಿಸತ್ತೆ, ಮಿಶ್ರಣದಲ್ಲಿರೋವು ಒಂದೊಂದಾಗಿ ಹೊರಗೆ ಬರ್ತವೆ. ಬಂದಿದ್ದಕ್ಕೆ 70 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನ್ ಗುದ್ದಿಸಿ ಚೂರು ಮಾಡತ್ತೆ, ಚೂರುಗಳ ತೂಕ ಗೆರೆಗೆರೆಯಾಗಿ ಪರದೆ ಮೇಲೆ ಬರತ್ತೆ. ಎಲ್ಲಾ ಲ್ಯಾಬಲ್ಲೂ ಅದೇ 70 ಇರೋದ್ರಿಂದ ಇಲ್ಲಿನ ಚಿತ್ರವನ್ನ ಬೇರೆ ದೇಶದ ಲೈಬ್ರರಿ ಜೊತೆ ಹೋಲಿಸಬಹುದು, ಬೆರಳಚ್ಚು ಹೋಲಿಸಿದ ಹಾಗೆ. ಅವತ್ತು ನನ್ನ ಪರದೇಲಿ ಬಂದಿದ್ದು 58 ಅನ್ನೋ ಜಾಗದಲ್ಲಿ ಒಂದೇ ಒಂದು ಎತ್ತರದ ಗೆರೆ, ಗರುಡಗಂಬ ಥರ. ಮಿಕ್ಕಿದ್ದೆಲ್ಲಾ ಹುಲ್ಲಿನಷ್ಟು. ಮೆಥಾಂಫೆಟಮಿನ್‌ಗೂ ಎತ್ತರದ ಗೆರೆ 58, ಎಂಡಿಎಂಎಗೂ 58, ಮೆಫೆಡ್ರೋನ್‌ಗೂ 58, ಯಾಕಂದ್ರೆ ಇವೆಲ್ಲದರ ಬಾಲ ಒಂದೇ, ನೈಟ್ರೋಜನ್ ಪಕ್ಕದ ಕಾರ್ಬನ್‌ನ ಆಚೆ ಕೊಂಡಿ ಮುರಿದು ಆ ಬಾಲದ ತುಂಡೇ ಎಲ್ಲಾ ಚಾರ್ಜನ್ನ ಹೊತ್ಕೊಂಡು ಹೋಗಿಬಿಡತ್ತೆ. ತಲೆ ಕಡೆ ಏನಿದೆ ಅನ್ನೋದು ಆ ಹುಲ್ಲಿನಂಥ ಗೆರೆಗಳಲ್ಲಿ ಇರತ್ತೆ. 91, 119 ಕಂಡ್ರೆ ಮೆಫೆಡ್ರೋನ್ ಕಡೆ ಕಥೆ, 77, 135 ಕಂಡ್ರೆ ಎಂಡಿಎಂಎ ಕಡೆ ಕಥೆ. ಹೊಸಬರು ದೊಡ್ಡ ಗೆರೆ ನೋಡಿ ಲೈಬ್ರರಿ ಕೊಟ್ಟ ಮೊದಲನೇ ಹೆಸರು ಬರೆದುಬಿಡ್ತಾರೆ. ನನ್ನ ಹತ್ರ ಟ್ರೇನಿಂಗಿಗೆ ಬಂದೋರಿಗೆಲ್ಲಾ ನಾನು ಮೊದಲು ಕಲಿಸೋದೇ ಚಿಕ್ಕ ಗೆರೆ ಓದೋದು.

ಮೆಫೆಡ್ರೋನ್ ಜಾತಿ ಕಾಂಪೌಂಡ್‌ಗಳಿಗೆ, ಅಂದ್ರೆ ಕ್ಯಾಥಿನೋನ್‌ಗಳಿಗೆ, ಇನ್ನೊಂದು ರಗಳೆ ಇದೆ, ಆ ಕಾವಿಗೆ ಕೆಲವು ಎರಡು ಹೈಡ್ರೋಜನ್ ಕಳ್ಕೊಂಡು ಬೇರೇನೇ ಆಗಿಬಿಡ್ತವೆ. ಮೆಷಿನ್ ಒಳಗೆ ಹುಟ್ಟಿದ್ದನ್ನ ಕವರಲ್ಲಿತ್ತು ಅಂತ ಬರೆದ್ರೆ ಅನ್ಯಾಯ ಅಲ್ವಾ. ಅದಕ್ಕೇ ಕಾಯಿಸದೆ ದ್ರವದಲ್ಲೇ ಓಡಿಸೋ ಎಲ್‌ಸಿ ಮೆಷಿನ್ ಬೇಕು, ಅದರ ತುದೀಲಿ ಕ್ಯೂಟಾಫ್ ಅಂತ ಹೈ ರೆಸಲ್ಯೂಷನ್ ಮಾಸ್ ಸ್ಪೆಕ್ಟ್ರೋಮೀಟರ್ ಇದ್ರೆ ಇನ್ನೂ ಒಳ್ಳೇದು.

ಹೈ ರೆಸಲ್ಯೂಷನ್ ಅಂದ್ರೆ ಏನು ಅಂತ ಹೀಗೆ ತಿಳ್ಕೊಳ್ಳಿ. ರೇಷನ್ ಅಂಗಡಿ ತಕ್ಕಡೀಗೂ ಚಿಕ್ಕಪೇಟೆ ಚಿನ್ನದಂಗಡಿ ತಕ್ಕಡೀಗೂ ಎಷ್ಟು ವ್ಯತ್ಯಾಸ ಇದೆಯೋ ಅಷ್ಟು. ನಾವು ಉಸಿರಾಡೋ ನೈಟ್ರೋಜನ್, ಹೊಗೇಲಿರೋ ಕಾರ್ಬನ್ ಮೊನಾಕ್ಸೈಡ್, ಬಾಳೆಹಣ್ಣು ಮಾಗಿಸೋ ಎಥಿಲೀನ್, ಮೂರೂ ಸಾಧಾರಣ ತೂಕದಲ್ಲಿ 28. ಸೂಕ್ಷ್ಮವಾಗಿ ತೂಗಿದ್ರೆ 28.0061, 27.9949, 28.0313. ಪಾಯಿಂಟ್ ಆದ್ಮೇಲಿನ ಆ ಅಂಕಿಗಳಿಂದಲೇ ಒಳಗೆ ಎಷ್ಟು ಕಾರ್ಬನ್, ಎಷ್ಟು ಆಕ್ಸಿಜನ್, ಎಷ್ಟು ನೈಟ್ರೋಜನ್ ಅಂತ ಲೆಕ್ಕ ಹಾಕಬಹುದು, ಹೆಸರು ಗೊತ್ತಿಲ್ದೆ ಇದ್ರೂನೂ. ಬ್ರೋಮಿನ್ ಇದ್ರೆ ಒಂದೇ ಎತ್ತರದ ಅವಳಿ ಗೆರೆ ಎರಡು ಅಂಕಿ ಅಂತರದಲ್ಲಿ ನಿಂತಿರತ್ತೆ, ಕ್ಲೋರಿನ್ ಇದ್ರೆ ಮೂರಕ್ಕೆ ಒಂದು. ಇಷ್ಟು ಸಿಕ್ಕರೆ ಪತ್ತೆ ಕೆಲಸ ಅರ್ಧ ಆದ ಹಾಗೆ. ಅರ್ಧ ಅಷ್ಟೇ. ಯಾಕಂದ್ರೆ ಎಂಡಿಎಂಎ ಮತ್ತೆ ಮೆಥೆಡ್ರೋನ್ ಅಂತ ಒಂದಿದೆ, ಎರಡರಲ್ಲೂ 11 ಕಾರ್ಬನ್, 15 ಹೈಡ್ರೋಜನ್, ಒಂದು ನೈಟ್ರೋಜನ್, ಎರಡು ಆಕ್ಸಿಜನ್, ಯಾವ ತಕ್ಕಡಿ ತಂದ್ರೂ ತೂಕ ಒಂದೇ. ಆಗ ಅದನ್ನ ಮೆಷಿನ್ ಒಳಗೆ ಮುರಿದು ಏನು ಕಳಚ್ಕೊಳ್ಳತ್ತೆ ನೋಡ್ತೀವಿ. ಎಂಡಿಎಂಎ ಮೀಥೈಲಮಿನ್ ಬಿಟ್ಟು 194ರಿಂದ 163ಕ್ಕೆ ಇಳಿಯತ್ತೆ, ಮೆಥೆಡ್ರೋನ್ ನೀರು ಬಿಟ್ಟು 176ಕ್ಕೆ.

ಇದು ಪುಡಿ ಕಥೆ. ನಿಮ್ಮ ಹುಡುಗನ ವಿಷಯ ಮೂತ್ರ, ರಕ್ತ, ಅದು ಇನ್ನೂ ಕಷ್ಟ, ಯಾಕಂದ್ರೆ ದೇಹ ಒಳಗೆ ಹೋಗಿದ್ದನ್ನ ಹೋಗಿದ್ದ ಹಾಗೇ ಹೊರಗೆ ಬಿಡಲ್ಲ. ನೀವು ಹೇಳಿದ ಲಕ್ಷಣ, ಕಣ್ಣು ಬಿಟ್ಕೊಂಡು ಮಾತಿಲ್ಲದೆ ಕೂತಿದ್ದು ಅಂದ್ರಲ್ಲ, ಅದನ್ನ ಓದಿದಾಗ ನನಗೆ ಮೊದಲು ನೆನಪಾಗಿದ್ದು ನ್ಯೂಯಾರ್ಕ್‌ನ ಬ್ರೂಕ್ಲಿನ್. ನಿಮ್ಮ ಹುಡುಗ ತಗೊಂಡಿದ್ದೂ ಅದೇ ಅಂತ ಹೇಳ್ತಿಲ್ಲ, ಪತ್ತೆ ಹೇಗೆ ಮಾಡಿದ್ರು ಅಂತ ತೋರಿಸೋಕೆ ಹೇಳ್ತಿದೀನಿ. 2016ರ ಜುಲೈನಲ್ಲಿ ಅಲ್ಲಿ ಒಂದೇ ಏರಿಯಾದಲ್ಲಿ 33 ಜನ ರಸ್ತೇಲಿ ಹೀಗೇ ಆದ್ರು, ಶೂನ್ಯ ದಿಟ್ಟಿ, ನರಳೋದು, ಕೈಕಾಲು ಯಂತ್ರದ ಥರ ನಿಧಾನಕ್ಕೆ ಆಡಿಸೋದು. 18 ಜನಾನ ಆಸ್ಪತ್ರೆಗೆ ಹಾಕಿದ್ರು. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸ್ಯಾನ್ ಫ್ರಾನ್ಸಿಸ್ಕೋ ಲ್ಯಾಬಿಗೆ 8 ಜನರ ಸ್ಯಾಂಪಲ್ ಹೋಯ್ತು, ಜೊತೆಗೆ ಅವರು ಸೇದಿದ ಪ್ಯಾಕೆಟ್ಟೂ ಹೋಯ್ತು. ಪ್ಯಾಕೆಟಲ್ಲಿ ಎಎಂಬಿ-ಫ್ಯೂಬಿನಾಕಾ ಅನ್ನೋ ಸಿಂಥೆಟಿಕ್ ಕ್ಯಾನಬಿನಾಯ್ಡ್ ಸಿಕ್ತು. ಆದ್ರೆ ರೋಗಿಗಳ ರಕ್ತ, ಮೂತ್ರದಲ್ಲಿ ಆ ಕಾಂಪೌಂಡ್ ಒಂಚೂರೂ ಇಲ್ಲ! ದೇಹ ಅದರ ಎಸ್ಟರ್ ತುಂಡನ್ನ ಕತ್ತರಿಸಿ ಹಾಕಿತ್ತು, ಉಳಿದ ಆಸಿಡ್ ಮಾತ್ರ ಎಂಟೂ ಜನರಲ್ಲಿ ಇತ್ತು. ಪ್ಯಾಕೆಟ್ ಸಿಗದೇ ಇದ್ದಿದ್ರೆ ಯಾವ ಆಸಿಡ್ ಹುಡುಕಬೇಕು ಅಂತ ಊಹಿಸೋಕೇ ಎಷ್ಟು ದಿನ ಹಿಡೀತಿತ್ತೋ. ಅದಕ್ಕೇ ನಾನು ಡಾಕ್ಟರುಗಳಿಗೆ ಬೇಡ್ಕೊಳ್ಳೋದು, ರೋಗಿ ಜೊತೆ ಬಂದ ಕವರು, ಪೇಪರು, ವೇಪ್, ಯಾವುದನ್ನೂ ಕಸದ ಡಬ್ಬಿಗೆ ಹಾಕ್ಬೇಡಿ ಅಂತ.

ಇಷ್ಟೆಲ್ಲಾ ಆದ್ಮೇಲೂ "ಇದು ಅದೇ" ಅಂತ ಸಹಿ ಹಾಕೋಕೆ ಒಂದು ವಸ್ತು ಬೇಕು, ರೆಫರೆನ್ಸ್ ಸ್ಟ್ಯಾಂಡರ್ಡ್. ಅಂದ್ರೆ ಅದೇ ಕಾಂಪೌಂಡ್‌ನ ಶುದ್ಧ ನಮೂನೆ, ಹೆಚ್ಚಂದ್ರೆ ಕೆಲವು ಮಿಲಿಗ್ರಾಂ, ಚಿಕ್ಕ ಗಾಜಿನ ಬಾಟಲೀಲಿ. ನಮ್ಮ ಸ್ಯಾಂಪಲ್ಲೂ ಅದೂ ಅದೇ ಮೆಷಿನಲ್ಲಿ, ಅದೇ ನಿಮಿಷ ಸೆಕೆಂಡಿಗೆ ಹೊರಗೆ ಬಂದು ಅದೇ ಥರ ಮುರಿದ್ರೆ ಆಗ ಗಟ್ಟಿ. ಈ ಸ್ಟ್ಯಾಂಡರ್ಡ್ ಹೊರದೇಶದಿಂದ ತರಿಸ್ಬೇಕು, ಅದು ಪಟ್ಟೀಲಿರೋ ಡ್ರಗ್ ಆದ್ರೆ ಗ್ವಾಲಿಯರ್‌ನ ಸೆಂಟ್ರಲ್ ಬ್ಯೂರೋ ಆಫ್ ನಾರ್ಕೋಟಿಕ್ಸ್‌ನಿಂದ ಇಂಪೋರ್ಟ್ ಪರ್ಮಿಷನ್ ತಗೋಬೇಕು. ಉಪ್ಪಿನ ಚಿಟಿಕೆಗಿಂತ ಕಮ್ಮಿ ಪುಡಿಗೆ ಕಡತಗಟ್ಟಲೆ ಕಾಗದ. ನಿಯಮ ಇರಲಿ, ಬೇಡ ಅನ್ನಲ್ಲ, ಆದ್ರೆ ಮಾರೋರು ವಾರಕ್ಕೊಂದು ಬದಲಾಯಿಸ್ತಿರುವಾಗ ಹಿಡಿಯೋರು ತಿಂಗಳುಗಟ್ಟಲೆ ಕಾಯೋದು ನೋಡಿದ್ರೆ ಹೊಟ್ಟೆ ಉರಿಯತ್ತೆ. ನಾನು ಕೆಲಸ ಮಾಡಿದ ಒಂದು ಲ್ಯಾಬಲ್ಲಿ ಸ್ಟ್ಯಾಂಡರ್ಡ್ ಇಲ್ಲ ಅಂತ ಸ್ಯಾಂಪಲ್ ಕಪಾಟಲ್ಲೇ ಕೂತು, ಅಷ್ಟೊತ್ತಿಗೆ ಅದೇ ಪುಡಿ ತಗೊಂಡ ಇನ್ನೊಬ್ಬ ಹುಡುಗ ಆಸ್ಪತ್ರೆಗೆ ಬಂದಿದ್ದ. ಅದು ನನಗೆ ಇವತ್ತಿಗೂ ಮರೆಯೋಕಾಗಿಲ್ಲ.

ಸ್ಟ್ಯಾಂಡರ್ಡ್ ಬರೋವರೆಗೆ ಕೈ ಕಟ್ಟಿ ಕೂರ್ಬೇಕಾಗಿಲ್ಲ. ಹೈರೆಸ್‌ಎನ್‌ಪಿಎಸ್ ಅಂತ ಬೇರೆ ಬೇರೆ ದೇಶದ ಲ್ಯಾಬ್‌ನೋರು ತಾವು ಕಂಡಿದ್ದನ್ನ ಹಂಚ್ಕೊಳ್ಳೋ ಡೇಟಾಬೇಸ್ ಇದೆ, ಅದರ ಜೊತೆ ಹೋಲಿಸಿ ಇದು ಇಂಥಾದ್ದು ಇರಬಹುದು ಅಂತ ಡಾಕ್ಟ್ರಿಗೆ ತಿಳಿಸಬಹುದು, ಚಿಕಿತ್ಸೆಗೆ ಅಷ್ಟು ಸಾಕು. 2021ರಲ್ಲಿ ಕೆನಡಾದವರು ಡಾರ್ಕ್‌ಎನ್‌ಪಿಎಸ್ ಅಂತ ಕಂಪ್ಯೂಟರ್ ಮಾಡೆಲ್ ಮಾಡಿ ಮುಂದೆ ಬರಬಹುದಾದ ಸುಮಾರು 89 ಲಕ್ಷ ಆಕಾರಗಳನ್ನ ಮುಂಚೇನೇ ಬರೆದಿಟ್ಟಿದಾರೆ, ತೂಕ ಒಂದು ಗೊತ್ತಾದ್ರೂ ಅದರಲ್ಲಿ ಯಾವುದು ಹೆಚ್ಚು ಸಾಧ್ಯ ಅಂತ ಹುಡುಕೋಕೆ ಬರತ್ತೆ. ಇನ್ನೊಂದು ಒಳ್ಳೇ ವಿಷಯ, ಕ್ಯೂಟಾಫ್ ಮೆಷಿನ್ ಎಲ್ಲಾ ತೂಕಗಳನ್ನೂ ರೆಕಾರ್ಡ್ ಮಾಡಿ ಇಟ್ಟಿರತ್ತೆ, ಇವತ್ತು ಹೆಸರು ಸಿಗದೇ ಇದ್ರೂ ಆರು ತಿಂಗಳಾದ್ಮೇಲೆ ಹೆಸರು ಬಂದಾಗ ಅದೇ ಹಳೇ ಫೈಲ್ ತೆಗೆದು ಮತ್ತೆ ಹುಡುಕಬಹುದು, ಸ್ಯಾಂಪಲ್ ಖಾಲಿ ಆಗಿದ್ರೂ ಪರವಾಗಿಲ್ಲ.

ಅವತ್ತಿನ ನನ್ನ ಪುಡಿ ಕಥೆ ಮುಗಿಸಿಬಿಡ್ತೀನಿ, ಯಾಕಂದ್ರೆ ಕಷ್ಟ ಇರೋದು ಅಲ್ಲೇ. ಚಿಕ್ಕ ಗೆರೆಗಳು ಮೆಫೆಡ್ರೋನ್ ಕಡೆ ಕೈ ತೋರಿಸಿದ್ವು. ಮೆಫೆಡ್ರೋನ್ ಅಂದ್ರೆ 4-ಎಂಎಂಸಿ, ಬೆಂಜೀನ್ ಉಂಗುರದ ನಾಲ್ಕನೇ ಮೂಲೇಲಿ ಒಂದು ಮೀಥೈಲ್. ಅದೇ ಮೀಥೈಲ್ ಪಕ್ಕದ ಮೂಲೆಗೆ ಸರಿದ್ರೆ 3-ಎಂಎಂಸಿ. ತೂಕ ಒಂದೇ, ಚೂರುಗಳೂ ಒಂದೇ, ಜಿಸಿಲಿ ಕೆಲವು ಸೆಕೆಂಡ್ ಹಿಂದೆ ಮುಂದೆ. ಇನ್‌ಫ್ರಾರೆಡ್ ಬೆಳಕು ಹಾಯಿಸಿ ನೋಡಿದಾಗ ಉಂಗುರದ ಯಾವ ಮೂಲೆ ತುಂಬಿದೆ ಅನ್ನೋದಕ್ಕೆ ತಕ್ಕ ಹಾಗೆ ಗೆರೆ ಬದಲಾಗಿದ್ದು ಕಾಣಿಸ್ತು, ಎನ್‌ಎಂಆರ್ ಸಿಕ್ಕರೆ ಅನುಮಾನಾನೇ ಇರಲ್ಲ, ಒಂದೊಂದು ಹೈಡ್ರೋಜನ್ನೂ ಎಲ್ಲಿ ಕೂತಿದೆ ಅಂತ ಅದು ಹೇಳತ್ತೆ. ನಮ್ಮೂರಲ್ಲಿ ಐಐಎಸ್‌ಸಿಲೇ ಎನ್‌ಎಂಆರ್ ರಿಸರ್ಚ್ ಸೆಂಟರ್ ಇದೆ, ಪುಣ್ಯ. ಆದ್ರೆ ಅದಕ್ಕೆ ಪುಡಿ ಮಿಲಿಗ್ರಾಂ ಲೆಕ್ಕದಲ್ಲಿ ಬೇಕು, ಮೂತ್ರದಲ್ಲಿರೋ ಚೂರುಪಾರಿಗೆ ಆಗಲ್ಲ.

ಮೀಥೈಲ್ ಯಾವ ಮೂಲೇಲಿದ್ರೇನು ಅಂತ ಕೇಳ್ಬೇಡಿ. ನಮ್ಮ ಎನ್‌ಡಿಪಿಎಸ್ ಕಾನೂನು ನಡೆಯೋದು ಹೆಸರಿನ ಪಟ್ಟಿ ಮೇಲೆ. ಮೆಫೆಡ್ರೋನ್ 2 ಗ್ರಾಂವರೆಗೆ ಸ್ಮಾಲ್ ಕ್ವಾಂಟಿಟಿ, 50 ಗ್ರಾಂ ದಾಟಿದ್ರೆ ಕಮರ್ಷಿಯಲ್, ಕಮ್ಮಿ ಅಂದ್ರೂ 10 ವರ್ಷ ಜೈಲು. ಎಂಡಿಎಂಎಗೆ ಅದೇ ಲೆಕ್ಕ ಅರ್ಧ ಗ್ರಾಂ ಮತ್ತೆ 10 ಗ್ರಾಂ. 2020ರಲ್ಲಿ ಸುಪ್ರೀಂ ಕೋರ್ಟ್ ಹೀರಾ ಸಿಂಗ್ ಕೇಸಲ್ಲಿ ಕಲಬೆರಕೆ ಪುಡಿಯ ತೂಕಾನೂ ಸೇರಿಸಿ ಲೆಕ್ಕ ಹಾಕ್ಬೇಕು ಅಂತ ಹೇಳಿದೆ. ಅಂದ್ರೆ 12 ಗ್ರಾಂ ಕವರಿನ ಮೇಲೆ ನಾನು ಎಂಡಿಎಂಎ ಅಂತ ಬರೆದ್ರೆ ಹುಡುಗನ ಹತ್ತು ವರ್ಷ ಹೋಯ್ತು, ಮೆಫೆಡ್ರೋನ್ ಅಂತ ಬರೆದ್ರೆ ಕೇಸೇ ಬೇರೆ. ಅಂಥ ಕಡೆ "ಅಂದಾಜು ಇದೇ" ಅಂತ ಬರೆಯೋ ಹಕ್ಕು ಯಾವ ಕೆಮಿಸ್ಟಿಗೂ ಇಲ್ಲ. ಮೂಲೆ ತೀರ್ಮಾನ ಆಗಿಲ್ಲ ಅಂದ್ರೆ ಆಗಿಲ್ಲ ಅಂತಾನೇ ರಿಪೋರ್ಟಲ್ಲಿ ಬರೀಬೇಕು. ಜನ ಎಫ್‌ಎಸ್‌ಎಲ್, ಅಂದ್ರೆ ಸರ್ಕಾರಿ ಫೊರೆನ್ಸಿಕ್ ಲ್ಯಾಬ್, ರಿಪೋರ್ಟ್ ಲೇಟು ಲೇಟು ಅಂತ ಬೈತಾರೆ, ಸುಮಾರು ಸಲ ಬೈಯೋದು ಸರಿಯಾಗೇ ಇರತ್ತೆ, ಆದ್ರೆ ಹೊಸ ಕಾಂಪೌಂಡ್ ವಿಷಯದಲ್ಲಿ ಬೇಗ ಬಂದ ತಪ್ಪು ರಿಪೋರ್ಟಿಗಿಂತ ತಡವಾಗಿ ಬಂದ ಸರಿ ರಿಪೋರ್ಟ್ ಮೇಲು ಅಂತ ನಾನು ಎಲ್ಲಿ ಬೇಕಾದ್ರೂ ನಿಂತು ಹೇಳ್ತೀನಿ.

ಈಗ ನಿಮ್ಮ ಕೈಲಿರೋ ಕವರ್. ಮೊದಲು ಅದನ್ನ ಬಿಚ್ಚಬೇಡಿ, ಮೂಸಬೇಡಿ, ನಾಲಿಗೆಗಂತೂ ಮುಟ್ಟಿಸಬೇಡಿ. ಈಗ ನೈಟಜೀನ್ ಅಂತ ಬರ್ತಿವೆ, 1950ರ ದಶಕದಲ್ಲಿ ಸೀಬಾ ಕಂಪನಿ ನೋವಿಗೆ ಅಂತ ಮಾಡಿ ಕೈಬಿಟ್ಟ ಜಾತಿ ಅದು, ಅದರಲ್ಲಿ ಕೆಲವು ಫೆಂಟನಿಲ್ ಅನ್ನೋ ಭಾರೀ ಜೋರಿನ ನೋವಿನ ಔಷಧಕ್ಕಿಂತಲೂ ಜೋರು. ಕವರಲ್ಲೇನಿದೆ ಅಂತ ಕಣ್ಣಲ್ಲಿ ನೋಡಿ ಹೇಳೋಕೆ ನನಗೂ ಆಗಲ್ಲ. ನೆದರ್ಲೆಂಡ್ಸಲ್ಲಿ 1992ರಿಂದ ಯಾರು ಬೇಕಾದ್ರೂ ತಂದು ಕೊಟ್ಟು ಟೆಸ್ಟ್ ಮಾಡಿಸೋ ಸರ್ಕಾರಿ ವ್ಯವಸ್ಥೆ ಇದೆ, ನಮ್ಮಲ್ಲಿಲ್ಲ, ಬರಬೇಕು ಅಂತ ನನ್ನಾಸೆ. ಮಡಿವಾಳದ ಎಫ್‌ಎಸ್‌ಎಲ್‌ಗೆ ಪೊಲೀಸ್ ಅಥವಾ ಕೋರ್ಟ್ ಮೂಲಕಾನೇ ಹೋಗ್ಬೇಕು, ನೀವು ನೇರವಾಗಿ ಹೋದ್ರೆ ತಗೊಳ್ಳಲ್ಲ. ಕೊರಿಯರಲ್ಲಿ ಯಾವ ಪ್ರೈವೇಟ್ ಲ್ಯಾಬಿಗೂ ಕಳಿಸ್ಬೇಡಿ, ಅದು ನಿಮ್ಮ ಮೇಲೇ ಕೇಸಾಗತ್ತೆ. ಮನೇಲಿಟ್ಕೊಂಡಿರೋದೂ ಕಾನೂನಿನ ಲೆಕ್ಕದಲ್ಲಿ ಅಪಾಯಾನೇ. ಹಾಗಾಗಿ ಇವತ್ತೇ ಒಬ್ಬ ವಕೀಲರ ಹತ್ರ ಮಾತಾಡಿ, ಅವರ ಸಲಹೆ ತಗೊಂಡು, ಹುಡುಗನ್ನ ನೋಡಿದ ಡಾಕ್ಟ್ರ ಮೂಲಕ ಆಸ್ಪತ್ರೆಯ ಮೆಡಿಕೋ-ಲೀಗಲ್ ದಾರೀಲಿ ಒಪ್ಪಿಸೋದು ಹೇಗೆ ಅಂತ ಕೇಳಿ. ಎನ್‌ಡಿಪಿಎಸ್ 64ಎ ಸೆಕ್ಷನ್ ಬಗ್ಗೆನೂ ವಕೀಲರನ್ನ ಕೇಳಿ, ಚಟಕ್ಕೆ ಬಿದ್ದೋರು ಸ್ಮಾಲ್ ಕ್ವಾಂಟಿಟಿ ಕೇಸಲ್ಲಿ ತಾವಾಗೇ ಸರ್ಕಾರದ ಅಥವಾ ಮಾನ್ಯತೆ ಇರೋ ಕೇಂದ್ರದಲ್ಲಿ ಚಿಕಿತ್ಸೆಗೆ ಬಂದ್ರೆ ಅದು ಅವರಿಗೆ ರಕ್ಷಣೆ ಕೊಡತ್ತೆ.

ಹುಡುಗನ್ನ ನಿಮ್ಹಾನ್ಸ್‌ನ ಅಡಿಕ್ಷನ್ ಮೆಡಿಸಿನ್ ಸೆಂಟರಿಗೆ ಒಂದ್ಸಲ ಕರ್ಕೊಂಡು ಹೋಗಿ. ಅಮ್ಮನ ಮುಂದೆ ಬಾಯಿ ಬಿಡದೋನು ಸೋದರಮಾವನ ಜೊತೆ ಒಬ್ಬನೇ ಸ್ಕೂಟರಲ್ಲಿ ಹೊರಟ್ರೆ ಮಾತಾಡ್ತಾನೆ, ಸುಮಾರು ಮನೇಲಿ ಹಾಗೇ ಆಗಿರೋದು ನೋಡಿದೀನಿ. ಅರ್ಧರಾತ್ರೀಲಿ ಏನಾದ್ರೂ ಸಹಾಯ ಬೇಕಾದ್ರೆ ಟೆಲಿ ಮಾನಸ್ 14416 ಇದೆ, ನಶಾಮುಕ್ತಿ ಹೆಲ್ಪ್‌ಲೈನ್ 14446. ಮತ್ತೆ ಅವತ್ತಿನ ಥರ ಆದ್ರೆ ಫೋನಲ್ಲಿ ಕೂರಬೇಡಿ, ಸೀದಾ ಆಸ್ಪತ್ರೆ.

ಕೊನೇದಾಗಿ ಒಂದು ಕೆಲಸ, ನಾಳೆ ಬೆಳಗ್ಗೆ ಅಲ್ಲ, ಇದನ್ನ ಓದಿದ ತಕ್ಷಣ ಮಾಡಿ. ಆ ಆಸ್ಪತ್ರೆ ಲ್ಯಾಬಿಗೆ ಫೋನ್ ಹಚ್ಚಿ, ಅವತ್ತು ರಾತ್ರಿ ತಗೊಂಡ ಮೂತ್ರ, ರಕ್ತ ಇನ್ನೂ ಇದೆಯಾ ಕೇಳಿ. ಸುಮಾರು ಲ್ಯಾಬಲ್ಲಿ ಒಂದು ವಾರದೊಳಗೆ ಬಿಸಾಕಿಬಿಡ್ತಾರೆ. ಇದ್ರೆ ಬಿಸಾಕ್ಬೇಡಿ, ಮೈನಸ್ 20ರ ಫ್ರೀಜರಿಗೆ ಹಾಕಿಡಿ ಅಂತ ಹೇಳಿ, ಮಾಮೂಲಿ ಫ್ರಿಜ್ಜಲ್ಲಿ ಕ್ಯಾಥಿನೋನ್‌ಗಳು ದಿನೇದಿನೇ ಕರಗಿಹೋಗ್ತವೆ. ಸಕ್ಕರೆ ನೋಡೋಕೆ ಅಂತ ಬೂದು ಮುಚ್ಚಳದ ಟ್ಯೂಬಲ್ಲಿ ರಕ್ತ ತಗೊಂಡಿರ್ತಾರೆ, ಅದರಲ್ಲಿ ಫ್ಲೋರೈಡ್ ಇರತ್ತೆ, ಇಂಥ ಡ್ರಗ್ ಉಳಿಯೋಕೆ ಅದೇ ಒಳ್ಳೇದು, ಆ ಟ್ಯೂಬನ್ನ ಹೆಸರು ಹೇಳಿ ಕೇಳಿ. ಸಿಕ್ಕರೆ ಎಲ್‌ಸಿ ಹೈ ರೆಸಲ್ಯೂಷನ್ ಮಾಸ್ ಸ್ಪೆಕ್ಟ್ರೋಮೆಟ್ರಿ ಇರೋ ಟಾಕ್ಸಿಕಾಲಜಿ ಲ್ಯಾಬಿಗೆ ಡಾಕ್ಟ್ರೇ ಬರೆದು ಕಳಿಸೋ ಹಾಗೆ ಮಾಡಿ, ಚೀಟೀಲಿ ಬರೀ "ಡ್ರಗ್ ಸ್ಕ್ರೀನ್" ಅಂತ ಬರೆಸಬೇಡಿ, ಹುಡುಗನ ಲಕ್ಷಣ ಏನಿತ್ತು, ಎಷ್ಟು ಗಂಟೇಗೆ ಶುರುವಾಯ್ತು, ಆಸ್ಪತ್ರೇಲಿ ಯಾವ ಯಾವ ಔಷಧ ಕೊಟ್ರು, ಅಷ್ಟನ್ನೂ ಬರೆಸಿ.